ಬಿಡಿಯಾಗಿ ಕೊಡಬಾರದು

ಕೆಜಿಎಫ್‌ನ ಒಂದು ಕಾರ್ಖಾನೆಗೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಬರೆಯುವ ಕೆಲಸ. ಹಾಗಂತ ನನ್ನನ್ನು ಯಾರೂ ಲೇಖಕಿ ಅನ್ನಲಿಲ್ಲ. ಗಣಿಯಲ್ಲಿ ಅದಿರು ಹೊರುವ ಡಂಪರು, ಗುಡ್ಡ ತಳ್ಳುವ ಬುಲ್‌ಡೋಜರು, ಇಂಥ ಯಂತ್ರಗಳು ಹೇಗಿರಬೇಕು, ಉಕ್ಕಿನ ತಗಡು ಎಷ್ಟು ದಪ್ಪ, ಮೆಟ್ಟಿಲು ಎಲ್ಲಿ, ಬ್ರೇಕು ಎಷ್ಟು ದೂರದೊಳಗೆ ಹಿಡಿಯಬೇಕು ಎಂದು ಕಲಮು ಕಲಮಾಗಿ ಬರೆಯುವುದು. ಅದಕ್ಕೆ ಸ್ಪೆಸಿಫಿಕೇಶನ್ ಅಂತ ಹೆಸರು, ನಮ್ಮ ಬಾಯಲ್ಲಿ ಸ್ಪೆಕ್. ಯಂತ್ರ ಮಾಡುವವನು ಅದನ್ನು ನೋಡಿ ಮಾಡುತ್ತಾನೆ, ಕೊಳ್ಳುವವನು ಅದನ್ನು ನೋಡಿ ಒಪ್ಪಿಕೊಳ್ಳುತ್ತಾನೆ, ಯಾರಾದರೂ ಸತ್ತರೆ ವಿಚಾರಣೆಯವರು ಅದನ್ನು ನೋಡುತ್ತಾರೆ. ಈ ಮೂರು ಹೊತ್ತು ಬಿಟ್ಟರೆ ಅದನ್ನು ಯಾರೂ ಓದುವುದಿಲ್ಲ.

ಈಗ ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಾನು ಬಿಟ್ಟುಬಂದ ಕುರ್ಚಿಯಲ್ಲಿ ಕಾವ್ಯ ಎಂಬ ಎಂಜಿನಿಯರ್ ಕೂತಿದ್ದಾಳೆ. ಒಂದು ಭಾನುವಾರ ಬಂದು, "ಮೇಡಂ, ಹೊಸಬರು ಸೇರಿದ್ದಾರೆ. ಅವರಿಗೆ ಉಪಯೋಗ ಆಗೋ ಹಾಗೆ ನಿಮ್ಮ ಅನುಭವ ಬರೆದುಕೊಡಿ" ಅಂದಳು. ಬರೆದುಕೊಡುತ್ತಿದ್ದೇನೆ. ಪ್ರಮೋಶನ್ ಹೇಗೆ ಸಿಗುತ್ತದೆ ಎನ್ನುವುದು ಇದರಲ್ಲಿಲ್ಲ, ಅದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಇದರಲ್ಲಿ ಒಂದು ಸಾವಿದೆ. ಓದಿ ಮನಸ್ಸು ಕೆಟ್ಟರೆ ನನ್ನನ್ನು ಬೈದುಕೊಳ್ಳಿ, ಆದರೆ ಓದಿ.

ಮೊದಲು ನಕಲಿನ ವಿಷಯ ಹೇಳಬೇಕು. ಸ್ಪೆಕ್ ಬರೆಯುವುದು ಅಂದೆನಲ್ಲ, ಅದು ಅರ್ಧ ಸುಳ್ಳು. ಬರೆಯುವವರು ಕಡಿಮೆ, ನಕಲು ಮಾಡುವವರೇ ಎಲ್ಲ. ಹೊಸ ಯಂತ್ರದ ಕೆಲಸ ಬಂತೆಂದರೆ ಮೊದಲ ಮಾತು, "ಹಳೇದು ಯಾವುದಿದೆ, ತೆಗೀರಿ." ಹಳೆಯದರ ಹೆಸರು ಅಳಿಸಿ ಹೊಸ ಹೆಸರು ಹಾಕಿ, ಎರಡು ಅಂಕಿ ತಿದ್ದಿದರೆ ಸ್ಪೆಕ್ ಸಿದ್ಧ. ಆ ಹಳೆಯದು ಅದಕ್ಕಿಂತ ಹಳೆಯದರ ನಕಲು. ನಾನು ಸೇರಿದ ಕಾಲದಲ್ಲಿ ಟೈಪಿಸ್ಟು ಸ್ಟೆನ್ಸಿಲ್ ಹಾಳೆಯ ಮೇಲೆ ಕುಟ್ಟಬೇಕಿತ್ತು, ಬೆರಳು ನೋಯುತ್ತಿತ್ತು, ಹಾಗಾಗಿ ಬೇಡದ ಸಾಲನ್ನು ಬಿಡುವ ಆಸೆಯಿಂದಾದರೂ ಓದುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ನೋವೂ ಹೋಯಿತು, ಓದೂ ಹೋಯಿತು.

ಒಮ್ಮೆ ಹಿಮದ ಬೆಟ್ಟಗಳಿಗೆ ಹೋಗುವ ಬುಲ್‌ಡೋಜರಿಗೆ ಚಾಲಕನ ಕ್ಯಾಬಿನ್ನಿನಲ್ಲಿ ಹೀಟರ್ ಇರಬೇಕು ಅಂತ ಬರೆದಿದ್ದೆವು. ಸರಿಯಾದ ಮಾತೇ. ಎರಡು ವರ್ಷದ ಮೇಲೆ ಸಮುದ್ರದಂಡೆಯ ಬಂದರಿಗೆ ಯಂತ್ರ ಕೊಡುವಾಗ ಆ ಸಾಲೂ ಸುಮ್ಮನೆ ಬಂದು ಕೂತುಕೊಂಡಿತು. ಬೆವರು ಸುರಿಯುವ ಊರಿಗೆ ಹೀಟರ್ ಹಾಕಿಯೇ ಕಳಿಸಿದೆವು. ಕೊಂಡವರೂ ಓದಲಿಲ್ಲ, ಪರೀಕ್ಷೆ ಮಾಡಿದವರು ಹೀಟರ್ ಇದೆಯೇ, ಇದೆ ಅಂತ ಗುರುತು ಹಾಕಿದರು. ಅಲ್ಲಿನ ಚಾಲಕ ಅದರ ಮೇಲೆ ಬುತ್ತಿ ಬಿಸಿ ಮಾಡಿಕೊಳ್ಳುತ್ತಿದ್ದನಂತೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗದೆ ಇದ್ದವರು ಒಬ್ಬರೇ, ನಮ್ಮ ಮುಖ್ಯಸ್ಥ ರಾಜಮಾಣಿಕ್ಯಂ. "ಬೇಡದ್ದು ಬಂದರೆ ನಗ್ತೀರಿ. ಬೇಕಾದ್ದು ಹೀಗೇ ತಪ್ಪಿಹೋದರೆ ಏನು ಮಾಡ್ತೀರಿ?" ಅಂದು ಒಳಗೆ ಹೋದರು.

ಈ ರಾಜಮಾಣಿಕ್ಯಂ ಇದೇ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕೆಲಸಗಾರರ ಲೈನುಮನೆಯಲ್ಲಿ ಹುಟ್ಟಿದವರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರಿಗೆ ಮೂರು ಮಾತು ಕಂಡರೆ ಆಗುತ್ತಿರಲಿಲ್ಲ: 'ಸೂಕ್ತವಾದ', 'ಸಾಕಷ್ಟು', 'ಸಾಧ್ಯವಾದ ಮಟ್ಟಿಗೆ'. ನಾನು ಸೇರಿದ ಹೊಸತರಲ್ಲಿ ಡಂಪರಿಗೆ 'ಸೂಕ್ತವಾದ ಏಣಿ ಇರಬೇಕು' ಅಂತ ಬರೆದಿದ್ದೆ. ಏಣಿ ಮಾಡಿಕೊಡುವವನು ತನಗೆ ಸೂಕ್ತವಾದದ್ದನ್ನೇ ಮಾಡಿಕೊಟ್ಟ. ರಾಜಮಾಣಿಕ್ಯಂ ನನ್ನನ್ನು ಯಾರ್ಡಿಗೆ ಕರೆದುಕೊಂಡು ಹೋಗಿ ಡಂಪರಿನ ಮುಂದೆ ನಿಲ್ಲಿಸಿದರು.

"ಹತ್ತಮ್ಮ."

"ಸಾರ್, ಸೀರೆ ಉಟ್ಟಿದ್ದೀನಿ."

"ಡ್ರೈವರ್ ಮಂಡಿನೋವು ಇಟ್ಕೊಂಡು ಹತ್ತಬೇಕು. ನೀನು ಸೀರೆ ಇಟ್ಕೊಂಡು ಹತ್ತು. ಎರಡೂ ಒಂದೇ."

ಮೊದಲ ಮೆಟ್ಟಿಲು ನನ್ನ ಎದೆಮಟ್ಟಕ್ಕಿತ್ತು. ಹಿಡಿಕೆ ಹಿಡಿದು ನೇತಾಡಿದೆ, ಕಾಲು ಎತ್ತಲಾಗಲಿಲ್ಲ. ಸುತ್ತ ನಿಂತಿದ್ದ ಫಿಟ್ಟರುಗಳು ಆಚೆ ತಿರುಗಿಕೊಂಡು ನಕ್ಕರು. ನನಗೆ ಅಳು ಬಂತು, ಆ ಮನುಷ್ಯನನ್ನು ಎಂಟು ದಿನ ಮನಸಾರೆ ಶಪಿಸಿದೆ. ಆಮೇಲೆ ಕೂತು, ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಮೀರಬಾರದು ಅಂತ ಅಂಕಿ ಹಾಕಿ ಬರೆದೆ. ಅದನ್ನು ಓದಿ ಅವರು ಹೇಳಿದ್ದು ಇಷ್ಟೇ: "ಒಂದೊಂದು ಕಲಂ ಬರೆದಾಗಲೂ ಅಲ್ಲಿ ಒಬ್ಬ ಮನುಷ್ಯನನ್ನ ನಿಲ್ಲಿಸಿ ನೋಡು. ಅವನ ಕೈ ಎಲ್ಲಿದೆ, ತಲೆ ಎಲ್ಲಿದೆ, ಪಾರಮ್ಮ." ನೋಡಮ್ಮ ಅಂತ ಅರ್ಥ. ಇಷ್ಟು ವರ್ಷದಲ್ಲಿ ಈ ಕೆಲಸದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ.

ಅವರದೇ ಇನ್ನೊಂದು ಪಾಠವಿತ್ತು. ಸ್ಪೆಕ್‌ನಲ್ಲಿ ಏನು ಬೇಕು ಅಂತ ಇರಬೇಕು, ಯಾಕೆ ಬೇಕು ಅಂತ ಇರಬಾರದು. ಕಾರಣ ಕೊಟ್ಟರೆ ಎದುರಿಗಿರುವವನು ಆ ಕಾರಣದ ಜೊತೆ ಜಗಳಕ್ಕೆ ನಿಲ್ಲುತ್ತಾನೆ, ಕೆಲಸ ಅಲ್ಲೇ ನಿಲ್ಲುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಾರಾಯಣಸ್ವಾಮಿ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು, ನಮ್ಮ ಸರ್ವಿಸ್ ವಿಭಾಗದ ಮೆಕ್ಯಾನಿಕ್. ಮಾರಿದ ಯಂತ್ರ ಎಲ್ಲಿ ಕೆಟ್ಟು ನಿಂತರೂ ಅವನು ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಿದ್ದ. ಒರಿಸ್ಸಾ ಅಂದರೆ ಒರಿಸ್ಸಾ, ರಾಜಸ್ಥಾನ ಅಂದರೆ ರಾಜಸ್ಥಾನ. ವಾಪಸು ಬಂದ ದಿನ ತಪ್ಪದೆ ನನ್ನ ಟೇಬಲ್ಲಿಗೆ ಬರುತ್ತಿದ್ದ. ಬಲು ಜಂಬದವನು, ಬಾಯಿಗೆ ಬೀಗವಿಲ್ಲ.

"ಏನ್ ಶಾರದಮ್ಮೋರೆ, ಇನ್ನೂ ಬರೀತಾನೇ ಇದೀರಾ? ಅಲ್ಲೋಗಿ ನೋಡಿ, ನೀವ್ ಬರ್ದಿರೋ ಪುಸ್ತಕದ ಮ್ಯಾಲೆ ಟೀ ಲೋಟ ಇಟ್ಟವ್ರೆ. ಒಳ್ಳೇ ದಪ್ಪ ಪುಸ್ತಕ ಅಂತ ಒಗುಳ್ತಾರೆ ಕಣಮ್ಮೋ, ಟೇಬಲ್ ಸುಡಲ್ವಂತೆ."

"ನಿನ್ನ ತಲೆ ಮೇಲೆ ಇಟ್ಟಿದ್ದರೆ ನಿನಗೂ ಸ್ವಲ್ಪ ಬುದ್ಧಿ ಬರುತ್ತಿತ್ತು" ಅನ್ನುತ್ತಿದ್ದೆ. ನಗುತ್ತಾ ಹೋಗುವನು. ಟೊಮ್ಯಾಟೊ ಬಂದ ಕಾಲದಲ್ಲಿ ಒಂದು ಚೀಲ ನನ್ನ ಕುರ್ಚಿಯ ಕೆಳಗೆ ಇಟ್ಟು ಹೋಗಿರುತ್ತಿದ್ದ. ಕುಡಿತವಿಲ್ಲ, ಬೀಡಿಯಿಲ್ಲ, ಚಟವೆಂದರೆ ಮಾತೊಂದೇ.

ಅವನು ಸತ್ತದ್ದು ಹೊರರಾಜ್ಯದ ಒಂದು ಗಣಿಯಲ್ಲಿ, ನಮ್ಮ ಡಂಪರಿನ ಅಡಿಯಲ್ಲಿ.

ಡಂಪರಿನ ಹಿಂದಿನ ತೊಟ್ಟಿ ಒಂದು ಮನೆಯಷ್ಟು ದೊಡ್ಡದು. ಅದಿರು ಸುರಿಯಲು ಅದು ಎಣ್ಣೆಯ ಒತ್ತಡದಿಂದ ಮೇಲಕ್ಕೆ ಏಳುತ್ತದೆ. ಆ ಎಣ್ಣೆಯ ಪೈಪು ಸೋರಿದರೆ ಮೆಕ್ಯಾನಿಕ್ ಎತ್ತಿದ ತೊಟ್ಟಿಯ ಕೆಳಗೆ ತೂರಿ ಬದಲಾಯಿಸಬೇಕು. ಪೈಪು ಬಿಚ್ಚಿದ ಕೂಡಲೇ ಒತ್ತಡ ಹೋಗಿ ತೊಟ್ಟಿ ಕುಸಿಯುತ್ತದೆ. ಕುಸಿಯದಿರಲಿ ಅಂತ ಮೊದಲು ಒಂದು ಉಕ್ಕಿನ ಆಸರೆ ಕಂಬವನ್ನು ಕೊಟ್ಟು ನಿಲ್ಲಿಸಬೇಕು. ನಮ್ಮ ಸ್ಪೆಕ್‌ನಲ್ಲಿ ಆ ಕಂಬ ಇತ್ತು. ಎಷ್ಟು ಭಾರ ತಡೆಯಬೇಕು, ಯಾವ ಉಕ್ಕು, ಯಾವ ಬಣ್ಣ, ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: 'ಯಂತ್ರದ ಜೊತೆ ಬಿಡಿಯಾಗಿ ಕೊಡತಕ್ಕದ್ದು.' ಆ ಸಾಲು ನಮಗಿಂತ ಹಿಂದಿನವರ ಕಾಲದ್ದು, ನಕಲಿನಿಂದ ನಕಲಿಗೆ ಇಳಿದು ಬಂದದ್ದು. ನಾವೆಲ್ಲರೂ ಇಳಿಸಿದವರೇ.

ಕಾರ್ಖಾನೆಯವರೂ ಗಣಿಯವರೂ ಸೇರಿ ಮಾಡಿದ ಜಂಟಿ ವಿಚಾರಣೆಯ ಸಮಿತಿಗೆ ಸ್ಪೆಕ್ ಕಡೆಯವರು ಒಬ್ಬರು ಬೇಕು ಅಂತ ನನ್ನನ್ನು ಸೇರಿಸಿದರು. ರೈಲು ಹತ್ತಿ ಆ ಗಣಿಗೆ ಹೋದೆ. ನಾರಾಯಣಸ್ವಾಮಿ ಆಸರೆಗೆ ಇಟ್ಟಿದ್ದು ರೈಲು ಹಳಿಯ ಕೆಳಗೆ ಹಾಕುವ ಹಳೆಯ ಮರದ ದಿಮ್ಮಿ. ಅದು ಜಾರಿ ಒಂದು ಪಕ್ಕಕ್ಕೆ ಬಿದ್ದಿತ್ತು. ಉಳಿದದ್ದನ್ನು ತೊಳೆದಿದ್ದರು. ತೊಳೆದರೂ ಗೊತ್ತಾಗುತ್ತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

"ಉಕ್ಕಿನ ಕಂಬ ಎಲ್ಲಿ?" ಅಂತ ಕೇಳಿದೆ.

ಅಲ್ಲಿನ ಸ್ಟೋರ್ ಕೀಪರ್ ನನ್ನನ್ನು ಸ್ಟೋರಿಗೆ ಕರೆದೊಯ್ದ. ವಯಸ್ಸಾದ, ಮರ್ಯಾದಸ್ಥ ಮನುಷ್ಯ. ಸೊಂಟದ ಬೀಗದಕೈ ಗೊಂಚಲು ತೆಗೆದು ಕಬ್ಬಿಣದ ಕಪಾಟು ತೆರೆದ. ಒಳಗೆ ಕಂಬವನ್ನು ಒರಗಿಸಿ ನಿಲ್ಲಿಸಿದ್ದ. ನಮ್ಮ ಕೆಂಪು ಬಣ್ಣ, ಸುತ್ತ ಗ್ರೀಸು ಕಾಗದ, ನಾವು ಕಟ್ಟಿ ಕಳಿಸಿದ ತಗಡಿನ ಚೀಟಿ ಕೂಡ ಹಾಗೇ ಇತ್ತು. ಯಂತ್ರ ಬಂದ ದಿನದಿಂದ ಆ ಕಂಬ ಬಿಸಿಲು ಕಂಡಿರಲಿಲ್ಲ. "ನೋಡಿ ಮೇಡಂ, ಒಂದು ಗೀರು ಬಿದ್ದಿಲ್ಲ. ನನ್ನ ಕೈಗೆ ಬಂದ ಸಾಮಾನು ಕಳೆದದ್ದೇ ಇಲ್ಲ" ಅಂತ ಹಿಂದಿಯಲ್ಲಿ ಹೇಳಿದ. ಹೆಮ್ಮೆಯಿಂದಲೇ ಹೇಳಿದ.

ನಮ್ಮಂಥ ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸಬರಿಗೆ ಹೇಳುತ್ತೇನೆ. ಯಂತ್ರಕ್ಕೆ ಅಂಟಿಕೊಂಡಿರುವುದು ಯಂತ್ರದ ಲೆಕ್ಕ. ಬಿಡಿಯಾಗಿ ಬಂದದ್ದು ಯಾರೋ ಒಬ್ಬನ ರುಜುವಿನ ಲೆಕ್ಕ. ಬಿಡಿ ಸಾಮಾನು ಹೊರಗಿದ್ದರೆ ಹಳೇ ಕಬ್ಬಿಣದವನ ಪಾಲಾಗುತ್ತದೆ, ಆಮೇಲೆ ರುಜು ಹಾಕಿದವನು ರಿಟೈರಾಗುವ ದಿನ ಅದು ಎಲ್ಲಿ ಅಂತ ಕೇಳುತ್ತಾರೆ. ಹಾಗಾಗಿ ಬೆಲೆಬಾಳುವ ಬಿಡಿ ಸಾಮಾನು ಬಂದ ತಕ್ಷಣ ಬೀಗದೊಳಗೆ ಹೋಗುತ್ತದೆ. ಬೇಕಾದವನು ಚೀಟಿ ಬರೆಸಬೇಕು, ಮೇಲಿನವರ ರುಜು ತರಬೇಕು, ಸ್ಟೋರ್ ಕೀಪರ್ ಊಟಕ್ಕೆ ಹೋಗಿರಬಾರದು, ಅಂದು ರಜಾ ಇರಬಾರದು. ನಾರಾಯಣಸ್ವಾಮಿ ಪೈಪು ಬಿಚ್ಚಿದ ದಿನ ರಜಾ ಇತ್ತು. ಡಂಪರ್ ನಿಂತರೆ ಅದಿರು ನಿಲ್ಲುತ್ತದೆ ಅಂತ ಗಣಿಯವರು ಅವನ ಬೆನ್ನು ಬಿದ್ದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಪ್ರಾಮಾಣಿಕನೇ. ಕಳ್ಳನಿದ್ದಿದ್ದರೆ ಬೈಯಬಹುದಿತ್ತು.

ಸಮಿತಿ ಕೇಳಿಕೊಂಡದ್ದು ಮೂರೇ ಪ್ರಶ್ನೆ. ಸ್ಪೆಕ್‌ನಲ್ಲಿ ಕಂಬ ಇತ್ತೇ? ಇತ್ತು. ಕೊಟ್ಟಿದ್ದರೇ? ಕೊಟ್ಟಿದ್ದರು. ಮೃತನು ಬಳಸಿದನೇ? ಇಲ್ಲ. ಹಾಗಾದರೆ ಮೃತನ ಅಜಾಗರೂಕತೆ. ಸತ್ತವನಿಗೆ ಬಾಯಿಲ್ಲ, ವರದಿ ಬರೆಯುವುದು ಸಲೀಸು.

ಆ ಅಜಾಗರೂಕತೆ ಎಂಬ ಒಂದು ಮಾತಿನ ಮೇಲೆ ಇನ್ನೊಂದು ವಿಷಯ ನಿಂತಿತ್ತು. ಡ್ಯೂಟಿಯಲ್ಲಿ ಸತ್ತವರ ಮನೆಯ ಒಬ್ಬರಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡುವ ಪದ್ಧತಿ ಇತ್ತು. ತನ್ನ ತಪ್ಪಿನಿಂದಲೇ ಸತ್ತ ಅಂತ ವರದಿಯಾದರೆ ಆ ಅರ್ಜಿ ಮೇಲೇಳುವುದಿಲ್ಲ. ನಾರಾಯಣಸ್ವಾಮಿಯ ಹೆಂಡತಿ ಮುನಿರತ್ನಮ್ಮ ಆಗಲೇ ಅರ್ಜಿ ಹಾಕಿದ್ದಳು. ಇಬ್ಬರು ಹೆಣ್ಣುಮಕ್ಕಳು, ಚಿಕ್ಕವು.

ನಾನು ರುಜು ಹಾಕದೆ ವಾಪಸು ಬಂದೆ. ರಾಜಮಾಣಿಕ್ಯಂ ಬಾಗಿಲು ಹಾಕಿಸಿ ಕೂರಿಸಿದರು. ಅವರಿಗೆ ನಿವೃತ್ತಿ ಹತ್ತಿರವಿತ್ತು, ಮುಖ ಬಾಡಿತ್ತು.

"ಭಿನ್ನಮತ ಬರೀತೀಯಾ?"

"ಬರೀತೀನಿ ಸಾರ್. ಬಿಡಿಯಾಗಿ ಕೊಟ್ಟಿದ್ದೇ ತಪ್ಪು. ಅಲ್ಲಿ ಮನುಷ್ಯನನ್ನ ನಿಲ್ಲಿಸಿ ನೋಡು ಅಂತ ನೀವೇ ಹೇಳಿಕೊಟ್ಟಿದ್ದು."

"ಹೇಳಿಕೊಟ್ಟೆ, ಇಲ್ಲ ಅಂದ್ನಾ? ಈಗ ಇದು ಕೇಳು. ಸ್ಪೆಕ್ ತಪ್ಪು ಅಂತ ನಾವೇ ಬರೆದುಕೊಟ್ಟರೆ ಮಾರಿರೋ ಅಷ್ಟೂ ಮಷಿನ್ ನಮ್ಮ ಕುತ್ತಿಗೆಗೆ ಬರುತ್ತೆ. ಮೇಲಿನವರು ಬಿಡಲ್ಲ. ನೀನು ಈ ವರದಿಗೆ ಸೈನ್ ಮಾಡು. ಹೊಸ ಮಾಡೆಲ್‌ಗೆ ಕಂಬ ಮಷಿನ್‌ಗೇ ಜೋಡಿಸಿ ಅಂತ ಕಲಂ ಬರಿ, ಪಾಸ್ ಮಾಡಿಸೋದು ನನ್ನ ಪೊರುಪ್ಪು, ನನ್ನ ಜವಾಬ್ದಾರಿ. ಸೈನ್ ಮಾಡಲ್ಲ ಅಂದರೆ ಆ ಕಲಂ ಕೂಡ ಇಲ್ಲ. ಸತ್ತವನು ವಾಪಸ್ ಬರಲ್ಲಮ್ಮ. ಇನ್ನೊಬ್ಬ ಸಾಯದ ಹಾಗೆ ಮಾಡಬಹುದು."

ಬೆದರಿಕೆ ಅಂತ ಬೈದುಬಿಡಬಹುದಿತ್ತು. ಆದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಒಂದು ಕಡೆ ಸತ್ತವನ ಹೆಸರು ಮತ್ತು ಅವನ ಹೆಂಡತಿಯ ಅನ್ನ. ಇನ್ನೊಂದು ಕಡೆ ಇನ್ನೂ ಹೆಸರೇ ಗೊತ್ತಿಲ್ಲದ ಯಾವುದೋ ಮೆಕ್ಯಾನಿಕ್‌ನ ಜೀವ. ನನ್ನಿಂದ ನಿರ್ಧಾರ ಮಾಡಲಾಗಲಿಲ್ಲ. ಕ್ಯಾಸಂಬಳ್ಳಿಗೆ ಬಸ್ಸು ಹತ್ತಿದೆ.

ಮುನಿರತ್ನಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಅಲ್ಲೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಹುಲ್ಲು ಹಾಕುವುದು ನಿಲ್ಲಿಸದೆ ಕೇಳಿದಳು. ಆಮೇಲೆ ತಿರುಗಿದಳು.

"ಊರಾಗೆ ಆಗ್ಲೇ ಏನಂತವ್ರೆ ಗೊತ್ತಾ ಅಮ್ಮ? ಕುಡ್ದು ಲಾರಿ ಕೆಳಗೆ ಮಲಗಿದ್ನಂತೆ ಅಂತವ್ರೆ. ಯೆಂಡದ್ ವಾಸ್ನೆ ಕಂಡೋರಲ್ಲ ನಮ್ಮೋರು. ಈಗ ನೀವು ಬಂದು, ನಿನ್ ಗಂಡನ್ ಎಸ್ರು ಬಿಟ್ಕೊಡು, ಬ್ಯಾರೆಯೋರು ಉಳೀತಾರೆ ಅಂತ ನನ್ನೇ ಕೇಳ್ತಿದೀರಾ. ಒಟ್ಟೆಗೆ ಅನ್ನ ತಿಂತೀರೋ, ಬ್ಯಾರೆ ಏನಾನ ತಿಂತೀರೋ?"

ಕೈಯಲ್ಲಿ ಉಳಿದಿದ್ದ ಹುಲ್ಲನ್ನು ಹಸುವಿನ ಮುಂದೆ ಎಸೆದಳು.

"ನಂಗೆ ಓದು ಬರಲ್ಲ. ನೀವು ಓದ್ದೋರು. ಅದ್ ಬರಿಯಾದ, ಇದ್ ಬರಿಯಾದ ಅಂತ ನನ್ ತಾವ ಯಾಕ್ ಬಂದ್ರಿ? ಎಲ್ಡೂ ಬರೀರಿ. ಬರ್ಯಾಕೆ ತಾನೆ ನಿಮ್ಗೆ ಸಂಬ್ಳ ಕೊಡೋದು?"

ಬಸ್ಸಿನಲ್ಲಿ ವಾಪಸು ಬರುವಾಗ ಅವಮಾನದಿಂದ ಮೈ ಉರಿಯುತ್ತಿತ್ತು. ರಾಬರ್ಟ್‌ಸನ್‌ಪೇಟೆ ಬರುವ ಹೊತ್ತಿಗೆ ಉರಿ ಇಳಿದು ಮಾತು ಉಳಿದಿತ್ತು. ಎರಡೂ ಬರೆಯಿರಿ. ಯಾಕಾಗಬಾರದು? ಭಿನ್ನಮತವನ್ನು ವರದಿಯ ಕೊನೆಯಲ್ಲಿ ಅನುಬಂಧ ಮಾಡಿ ಸಿಕ್ಕಿಸುತ್ತಾರೆ, ಅನುಬಂಧವನ್ನು ಯಾರೂ ಓದುವುದಿಲ್ಲ, ವರದಿಯನ್ನು ಗೆದ್ದಲು ಓದುತ್ತದೆ. ಆದರೆ ಸ್ಪೆಕ್ ಹಾಗಲ್ಲ. ಸ್ಪೆಕ್ ನಕಲಾಗುತ್ತದೆ. ಹೀಟರನ್ನು ಹಿಮಾಲಯದಿಂದ ಸಮುದ್ರದಂಡೆಗೆ ತಂದವರು ನಾವು. ಒಳಗೆ ಏನಿದೆ ಅಂತ ನೋಡದೆ ಮುಂದಿನವರು ಅದರ ಮುಂದಿನವರಿಗೆ ದಾಟಿಸುತ್ತಲೇ ಹೋಗುತ್ತಾರೆ. ಜೀವನವಿಡೀ ನಾನು ಬೈದುಕೊಂಡು ಬಂದ ಆ ಸೋಮಾರಿತನವನ್ನು ಒಂದೇ ಒಂದು ಸಲ ನಂಬೋಣ ಅನ್ನಿಸಿತು.

ಭಿನ್ನಮತ ಬರೆದುಕೊಟ್ಟೆ. ಹೊಸ ಮಾಡೆಲ್ಲಿನ ಸ್ಪೆಕ್‌ನಲ್ಲಿ ಕಲಮನ್ನೂ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ಇದು:

'ತೊಟ್ಟಿಯ ಆಸರೆ ಕಂಬವನ್ನು ಯಂತ್ರದ ಚಾಸಿಗೇ ಕೀಲು ಹಾಕಿ ಜೋಡಿಸಿರಬೇಕು. ಬಿಡಿಯಾಗಿ ಕೊಡಬಾರದು. ಬಿಡಿಯಾಗಿ ಕೊಟ್ಟ ಕಂಬವನ್ನು ಸ್ಟೋರಿನಲ್ಲಿ ಬೀಗ ಹಾಕಿ ಇಡುತ್ತಾರೆ, ಕೆಲಸಗಾರನ ಕೈಗೆ ಅದು ಸಿಗುವುದಿಲ್ಲ. ಹೀಗಾಗಿ, ಕೆಲಸಗಾರನ ತಪ್ಪಿಲ್ಲದೆ, ಒಂದು ಪ್ರಾಣ ಹೋಗಿದೆ.'

ರಾಜಮಾಣಿಕ್ಯಂ ಓದಿದರು. ಸೈನ್ ಮಾಡದೆ ಭಿನ್ನಮತ ಕೊಟ್ಟವಳ ಕಲಮು. ಹರಿದು ಹಾಕಿದರೂ ನಾನು ಕೇಳುವ ಹಾಗಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡರು. ಮೊದಲೆರಡು ವಾಕ್ಯ ಬಿಟ್ಟು ಉಳಿದದ್ದರ ಮೇಲೆ ಗೀಟು ಎಳೆದರು.

"ಸ್ಪೆಕ್‌ನಲ್ಲಿ ಕಾರಣ ಇರಬಾರದು. ಮರೆತೆಯಾ?"

"ಮರೆತಿಲ್ಲ ಸಾರ್. ಈ ಒಂದರಲ್ಲಿ ಇರಲಿ."

"ಮೇಲಿನವರು ಓದಿದರೆ?"

"ಯಾರು ಓದ್ತಾರೆ ಸಾರ್?"

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಕಿಟಕಿಯ ಆಚೆ ಸಯನೈಡ್ ದಿಬ್ಬದ ಕಡೆ ಬಹಳ ಹೊತ್ತು ನೋಡಿದರು. ಆ ಬೂದಿಬಣ್ಣದ ದಿಬ್ಬ ಅಂದರೆ ಅವರ ಅಪ್ಪ, ತಾತ ಭೂಮಿಯ ಒಳಗಿಂದ ತೆಗೆದ ಕಲ್ಲಿನ ಪುಡಿ. ಆಮೇಲೆ ರಬ್ಬರ್ ತೆಗೆದು, ತಾವೇ ಎಳೆದ ಗೀಟನ್ನು ಉಜ್ಜಿ, ಪುಡಿ ಊದಿ, ಕೆಳಗೆ ರುಜು ಹಾಕಿದರು. "ಇದನ್ನ ನಾನು ಓದಲೇ ಇಲ್ಲ, ತೆರಿಯುತಾ, ತಿಳೀತಾ? ಹೋಗು" ಅಂದರು. ಅವರನ್ನು ನಾನು ಅದುವರೆಗೂ ಗೌರವಿಸಿದ್ದೆ. ಪ್ರೀತಿ ಹುಟ್ಟಿದ್ದು ಅವತ್ತು.

ವರದಿ ಮಾತ್ರ ಬದಲಾಗಲಿಲ್ಲ. ನನ್ನ ಹಾಳೆ ಅನುಬಂಧವಾಯಿತು, ಉಳಿದವರ ರುಜುಗಳ ಮೇಲೆ ಅಜಾಗರೂಕತೆ ಗೆದ್ದಿತು. ಮುನಿರತ್ನಮ್ಮನಿಗೆ ಕೆಲಸ ಸಿಗಲಿಲ್ಲ. ಈಗಾಗಲೇ ಮಾರಿದ್ದ ಡಂಪರುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವುಗಳ ಕಂಬಗಳು ಆಯಾ ಸ್ಟೋರುಗಳಲ್ಲಿ ಬಣ್ಣ ಮಾಸದೆ ನಿಂತೇ ಇದ್ದವು. ಆ ಯಂತ್ರಗಳಿಗೂ ಕೀಲು ಹಾಕಿಸಿ ಅಂತ ನಾನು ಬರೆದ ಪತ್ರಗಳಿಗೆ 'ಪರಿಶೀಲಿಸಲಾಗುವುದು' ಅನ್ನುವ ಉತ್ತರ ಬಂತು. ಅದು 'ಸೂಕ್ತವಾದ' ಎಂಬುದರ ದೊಡ್ಡಣ್ಣ. ಕಲಂ ಪಾಸಾದ ಸುದ್ದಿ ಹೇಳಲು ಒಮ್ಮೆ ಹಳ್ಳಿಗೆ ಹೋದೆ. ಮುನಿರತ್ನಮ್ಮ ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಪ್ಪು ಅನ್ನಲಾರೆ. ಆಮೇಲೆ ಬಹಳ ವರ್ಷ ಆ ಕಡೆ ತಲೆಹಾಕಲಿಲ್ಲ. ಡೈರಿಗೆ ಹಾಲು ಹಾಕಿ, ಟೊಮ್ಯಾಟೊ ಬೆಳೆದು, ಇಬ್ಬರು ಹೆಣ್ಣುಮಕ್ಕಳನ್ನೂ ದಡ ಸೇರಿಸಿದಳು ಅಂತ ಆ ಊರಿನವರ ಬಾಯಲ್ಲಿ ಕೇಳುತ್ತಿದ್ದೆ.

ರಾಜಮಾಣಿಕ್ಯಂ ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ನಾನೂ ನಿವೃತ್ತಳಾದೆ.

ಹೋದ ತಿಂಗಳು ಕಾವ್ಯ ಮೊಬೈಲಿಗೆ ಒಂದು ಟೆಂಡರಿನ ಹಾಳೆ ಕಳಿಸಿದಳು. ಯಾವುದೋ ದೂರದ ಗಣಿಯವರು ಹೊಸ ಡಂಪರುಗಳನ್ನು ಕೊಳ್ಳಲು ಹೊರಡಿಸಿದ್ದು. "ಮೇಡಂ, ಇದೊಂದು ಕಲಂ ವಿಚಿತ್ರವಾಗಿದೆ. ಕಾರಣ ಎಲ್ಲ ಬರೆದಿದ್ದಾರೆ. ಏನು ಮಾಡಲಿ?" ಅಂತ ಕೇಳಿದ್ದಳು. ಕನ್ನಡಕ ಹಾಕಿಕೊಂಡು ನೋಡಿದೆ. ನನ್ನ ವಾಕ್ಯ. ನಾನು ಹಾಕಿದ ಅಲ್ಪವಿರಾಮ ಕೂಡ ಹಾಗೇ ಇತ್ತು. ನಮ್ಮ ಸ್ಪೆಕ್ ನೋಡಿ ಒಬ್ಬರು, ಅವರದನ್ನು ನೋಡಿ ಇನ್ನೊಬ್ಬರು, ಎಷ್ಟು ಕೈ ದಾಟಿ ಬಂದಿತ್ತೋ. ನನಗೆ ಕಣ್ಣು ತುಂಬಿ ಬಂತು. ನಾರಾಯಣಸ್ವಾಮೀ, ಟೀ ಲೋಟ ಇಡುವ ಪುಸ್ತಕ ಅಂತಿದ್ದೆಯಲ್ಲೋ ಅಂದುಕೊಂಡೆ. ಕಣ್ಣು ಒರೆಸಿಕೊಂಡು ಕೊನೆಯ ಸಾಲು ಓದಿದೆ.

'ಹೀಗಾಗಿ, ಕೆಲಸಗಾರನ ತಪ್ಪಿಲ್ಲದೆ, ಎರಡು ಪ್ರಾಣ ಹೋಗಿವೆ.'

ನಕಲು ಮಾಡುವವರು ಏನನ್ನೂ ಬದಲಾಯಿಸುವುದಿಲ್ಲ. ಯಾರೋ ಇದೊಂದನ್ನು ಬದಲಾಯಿಸಿದ್ದರು. ಕೀಲು ಹಾಕಿದ ಯಂತ್ರದಲ್ಲಿ ಹೀಗಾಗಲು ಸಾಧ್ಯವಿಲ್ಲ. ಕಂಬವನ್ನು ಬಿಡಿಯಾಗಿ ಕೊಟ್ಟಿದ್ದ ಯಾವುದೋ ಹಳೆಯ ಯಂತ್ರವೇ ಇರಬೇಕು. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಮಾರಿಕುಪ್ಪಂ ರೈಲು ಕೂಗಿ ಹೋಯಿತು, ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಮರುದಿನ ಹಾಳೆಯನ್ನು ಪ್ರಿಂಟು ಹಾಕಿಸಿಕೊಂಡು ಹಳ್ಳಿಗೆ ಹೋದೆ. ಮುನಿರತ್ನಮ್ಮನ ತಲೆ ಬೆಳ್ಳಗಾಗಿತ್ತು. ಈ ಸಲ ಬಾಗಿಲು ಹಾಕಲಿಲ್ಲ. "ಬರ್ರಮ್ಮ, ಕೂತ್ಕಳಿ" ಅಂದು ಜಗಲಿಯ ಮೇಲೆ ಚಾಪೆ ಹಾಸಿದಳು. ಕಲಮನ್ನು ಕನ್ನಡದಲ್ಲಿ ಓದಿ ಹೇಳಿದೆ. 'ಕೆಲಸಗಾರನ ತಪ್ಪಿಲ್ಲದೆ' ಅನ್ನುವಲ್ಲಿ ಕೈಯೆತ್ತಿ ನಿಲ್ಲಿಸಿದಳು.

"ಇನ್ನೊಂದ್ ಸಲ ಓದಿ."

ಓದಿದೆ.

"ನಮ್ಮೋರ್ ತಪ್ಪಿಲ್ಲ ಅಂತ ಬರ್ದೈತಾ ಅಲ್ಲಿ?"

"ಬರೆದಿದೆ ಮುನಿರತ್ನಮ್ಮ. ಅವತ್ತೇ ಬರೆದಿದ್ದೆ. ಈಗ ಎಲ್ಲೆಲ್ಲೋ ಓಡಾಡ್ತಾ ಇದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿದದ್ದನ್ನು ನಾನು ಓದಲಿಲ್ಲ. ಅವಳೇ ಕೇಳಿದಳು.

"ಆಮ್ಯಾಕೆ ಯಾರೂ ಅಂಗ್ ಸತ್ತಿಲ್ಲ ತಾನೆ?"

ಸುಳ್ಳು ಹೇಳಬಹುದಿತ್ತು. ಓದು ಬಾರದವಳು, ಯಾರು ಕೇಳುತ್ತಾರೆ? ಹೇಳಲಾಗಲಿಲ್ಲ. ಒಂದು ಇದ್ದದ್ದು ಎರಡಾಗಿದೆ ಅಂದೆ. ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಎಲ್ಲೈತೆ, ತೋರ್ಸಿ" ಅಂದಳು. ಆ ಮಾತಿನ ಮೇಲೆ ಬೆರಳಿಟ್ಟು ತೋರಿಸಿದೆ. ನಾನು ಬೆರಳು ತೆಗೆದ ಕಡೆ ತನ್ನ ಹೆಬ್ಬೆರಳು ಇಟ್ಟಳು.

"ಯಾವೂರೋನಂತೆ?"

"ಬರೆದಿಲ್ಲ."

"ತಪ್ಪಿಲ್ದೆ ಅಂತ ಆವಯ್ಯಂಗೂ ಬರ್ದವ್ರಾ?"

"ಇಬ್ಬರಿಗೂ ಸೇರಿಸಿಯೇ ಬರೆದಿದ್ದಾರೆ."

"ಅಂಗಾದ್ರೆ ಅವ್ನ್ ಎಂಡ್ತಿಗೂ ಯಾರಾನ ಓಗಿ ಓದಿ ಯೋಳ್ಬೇಕಲ್ಲಮ್ಮ" ಅಂದಳು. "ಅವ್ಳ ಊರಾಗೂ ಏನೇನೋ ಅಂತಿರ್ತಾರೆ."

ಹೊಸದಾಗಿ ಸೇರಿದವರೇ, ನಾನು ಬರೆದುಕೊಡಲು ಕೂತದ್ದು ಇದಕ್ಕೆ. ನಕಲು ಮಾಡುತ್ತೀರಿ, ನನಗೆ ಗೊತ್ತು. ಆ ಸಾಲನ್ನು ಮಾತ್ರ ಬಿಡಬೇಡಿ, ಅದು ಮೂರಾಗದ ಹಾಗೆ ಹಳೆಯ ಯಂತ್ರಗಳ ಬೆನ್ನು ಹತ್ತಿ. ಎರಡನೆಯವನು ಯಾರು ಅಂತ ಕೇಳಲು ಕಾವ್ಯ ಟೆಂಡರ್ ಹೊರಡಿಸಿದ ಗಣಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದಾಳೆ. ಟೆಂಡರಿಗೆ ಸಂಬಂಧಪಟ್ಟದ್ದಿದ್ದರೆ ಕೇಳಿ ಅನ್ನುತ್ತಾರಂತೆ. ಸತ್ತವನ ಹೆಸರನ್ನು ಇನ್ನೂ ಯಾರೂ ಹೇಳಿಲ್ಲ.